ಕ್ಯಾಲೊರಿ ಆ್ಯಪ್‌ನ ಲೆಕ್ಕ ಕೆಟ್ಟಾಗ: ದೋಷ ಹುಡುಕುವ ಬಗೆ

ತಿಂದದ್ದನ್ನು ಬರೆದರೆ ಕ್ಯಾಲೊರಿ ಕೂಡಿ ಕೊಡುವ ಆ್ಯಪ್ ತೋರಿಸುವ ಮೊತ್ತದ ಮೇಲೆ ಅನುಮಾನ ಬಂದ ಕೂಡಲೇ ಬೇರೊಂದು ಆ್ಯಪ್ ಇನ್‌ಸ್ಟಾಲ್ ಮಾಡುವವರೇ ಹೆಚ್ಚು. ಅದರಿಂದ ಪ್ರಯೋಜನ ಕಡಿಮೆ. ಕೂಡುವ, ಗುಣಿಸುವ ಕೆಲಸದಲ್ಲಿ ಆ್ಯಪ್‌ಗಳು ಎಡವುವುದು ಅಪರೂಪ. ನೀವು ತೂಗಿದ್ದು ಬೆಂದ ಆಹಾರ, ಆ್ಯಪ್‌ನ ಆಹಾರ ಪಟ್ಟಿಯಿಂದ ಆರಿಸಿದ ಎಂಟ್ರಿ ಹಸಿಯದ್ದು. ನೀವು ಬರೆದದ್ದು ಗ್ರಾಂ, ಆ್ಯಪ್ ಓದಿದ್ದು ಸರ್ವಿಂಗ್ (ಒಂದು ಸಲಕ್ಕೆ ಬಡಿಸುವ ಪ್ರಮಾಣ). ಲೆಕ್ಕ ಕೆಡುವುದು ಇಂಥ ಕಡೆ. ಆ್ಯಪ್ ಬದಲಾದರೂ ಈ ತಪ್ಪುಗಳು ಜೊತೆಯಲ್ಲೇ ಬರುತ್ತವೆ.

ಎಲ್ಲ ತಪ್ಪುಗಳನ್ನೂ ಬೆನ್ನಟ್ಟಬೇಕಾಗಿಲ್ಲ. ದಿನವೂ ಸುಮಾರು ಒಂದೇ ಪ್ರಮಾಣದಲ್ಲಿ, ಒಂದೇ ದಿಕ್ಕಿಗೆ ತಪ್ಪುವ ಲೆಕ್ಕವನ್ನು ಇಟ್ಟುಕೊಂಡೇ ಕೆಲಸ ನಡೆಸಬಹುದು; ದಿನದ ಕ್ಯಾಲೊರಿ ಗುರಿಯನ್ನು ಅಷ್ಟು ಸರಿಸಿದರೆ ಸಾಕು. ಇವತ್ತು 200 ಹೆಚ್ಚು, ನಾಳೆ 350 ಕಡಿಮೆ ಎಂದು ಓಲಾಡುವ ಲೆಕ್ಕ ಮಾತ್ರ ಯಾವ ಉಪಯೋಗಕ್ಕೂ ಬಾರದು. ಕೆಳಗೆ ಹೇಳಿರುವುದೆಲ್ಲ ಆ ಓಲಾಟ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕೆ. (ಇಲ್ಲಿ ಕ್ಯಾಲೊರಿ ಎಂದಿರುವಲ್ಲೆಲ್ಲ ಕಿಲೊಕ್ಯಾಲೊರಿ ಎಂದೇ ಅರ್ಥ. ಆ್ಯಪ್‌ಗಳೂ ಹಾಗೆಯೇ ಬಳಸುತ್ತವೆ.)

ಎಲ್ಲಿಂದ ಶುರು ಮಾಡಬೇಕು

ದೋಷ ಮೂರರಲ್ಲಿ ಯಾವ ಬಗೆಯದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಒಂದು ಎಂಟ್ರಿಯ ಅಂಕಿ ನೋಡಿದ ಕೂಡಲೇ ಅಸಂಬದ್ಧ ಎನಿಸುತ್ತದೆಯೇ? ಏನೂ ಬರೆಯದಿದ್ದರೂ ಮೊತ್ತವೋ ಗುರಿಯೋ ತಾನಾಗಿ ಬದಲಾಗುತ್ತದೆಯೇ? ಅಥವಾ ಎಲ್ಲವೂ ಸರಿಯಾಗಿ ಕಾಣುತ್ತದೆ, ವಾರಗಟ್ಟಲೆ ನೋಡಿದರೂ ದೇಹದ ತೂಕ ಮಾತ್ರ ಲೆಕ್ಕಕ್ಕೆ ಹೊಂದುತ್ತಿಲ್ಲವೇ? ಮೊದಲನೆಯದು ಎಂಟ್ರಿಯ ಅಥವಾ ಘಟಕದ ದೋಷ. ಎರಡನೆಯದು ಬಹುಪಾಲು ಸಿಂಕ್ ದೋಷ. ಮೂರನೆಯದಕ್ಕೆ ಹಸಿ–ಬೆಂದ ಗೊಂದಲ, ಎಣ್ಣೆ ಮತ್ತು ಬರೆಯದೇ ಬಿಟ್ಟ ತಿನಿಸುಗಳು ಮುಖ್ಯ ಕಾರಣ.

ಅನುಮಾನ ಇರುವ ಒಂದು ದಿನವನ್ನು ಆರಿಸಿ, ಆ ದಿನದ ಎಂಟ್ರಿಗಳನ್ನು ಕ್ಯಾಲೊರಿಯ ಇಳಿಕೆ ಕ್ರಮದಲ್ಲಿ ಜೋಡಿಸಿ. ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಕಾಗದದ ಮೇಲೆ ಬರೆದುಕೊಳ್ಳಿ. ಸಾಮಾನ್ಯವಾಗಿ ಮೇಲಿನ ಐದಾರು ಎಂಟ್ರಿಗಳಲ್ಲೇ ದಿನದ ಬಹುಭಾಗ ಇರುತ್ತದೆ. ಪರೀಕ್ಷೆ ಅವಕ್ಕೆ ಮಾತ್ರ. ಸೌತೆಕಾಯಿ 80 ಗ್ರಾಂ ಇತ್ತೋ 120 ಗ್ರಾಂ ಇತ್ತೋ ಎಂದು ತಲೆ ಕೆಡಿಸಿಕೊಳ್ಳುವವರು ಅದೇ ಬಟ್ಟಲಿಗೆ ಸುರಿದ ಎಣ್ಣೆಯನ್ನು ಕಣ್ಣಳತೆಯಲ್ಲಿ ಬರೆದಿರುತ್ತಾರೆ. 40 ಗ್ರಾಂ ಸೌತೆಕಾಯಿ ಎಂದರೆ 6 ಕ್ಯಾಲೊರಿ. ಒಂದು ಟೇಬಲ್ ಚಮಚ ಎಣ್ಣೆ ಎಂದರೆ 120.

ಒಂದು ಎಂಟ್ರಿ ಅಸಂಬದ್ಧವಾಗಿ ಕಂಡರೆ

ಮೊದಲ ಶಂಕೆ ಸರ್ವಿಂಗ್ ಮೇಲೆ. ಎಂಟ್ರಿಯ ಒಂದು ಸರ್ವಿಂಗ್ ಎಂದರೆ 100 ಗ್ರಾಂ ಆಗಿದ್ದು, ಪ್ರಮಾಣದ ಜಾಗದಲ್ಲಿ ನೀವು 150 ಎಂದು ಬರೆದರೆ ಆ್ಯಪ್ ಅದನ್ನು 15 ಕಿಲೊ ಎಂದು ಓದುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಚಿಂತೆಯಿಲ್ಲ. ಕಾಣದೇ ಉಳಿಯುವುದು ಸರ್ವಿಂಗ್ 30 ಗ್ರಾಂ ಇದ್ದು, ನೀವು ತಿಂದದ್ದು 55 ಗ್ರಾಂ ಆಗಿದ್ದು, ಆದರೂ ‘1 ಸರ್ವಿಂಗ್’ ಎಂದೇ ಒತ್ತಿಬಿಡುವುದು. ಘಟಕದ ಪಟ್ಟಿಯಲ್ಲಿ ಗ್ರಾಂ ಇದ್ದರೆ ಯಾವಾಗಲೂ ಗ್ರಾಂ ಆರಿಸಿ. ಇಲ್ಲದಿದ್ದರೆ ತಿಂದ ತೂಕವನ್ನು ಸರ್ವಿಂಗ್‌ನ ತೂಕದಿಂದ ಭಾಗಿಸಿ: 55 ÷ 30 = 1.83.

ಇಲ್ಲೇ ಇನ್ನೊಂದು ಸಣ್ಣ ಬಲೆ ಇದೆ. ಫೋನಿನ ಪ್ರದೇಶದ ಸೆಟ್ಟಿಂಗ್ ದಶಮಾಂಶಕ್ಕೆ ಅಲ್ಪವಿರಾಮ ಬಳಸುವ ದೇಶದ್ದಾಗಿದ್ದರೆ ಕೆಲವು ಆ್ಯಪ್‌ಗಳು 1.5 ಅನ್ನು 15 ಎಂದು ಓದುತ್ತವೆ. ಉತ್ತರ ಸರಿಯಾಗಿ ಹತ್ತು ಪಟ್ಟು ಬಂದಿದ್ದರೆ ಇದನ್ನು ನೋಡಿ.

ಅಂಕಿ ನಾಲ್ಕು ಪಟ್ಟಿನಷ್ಟು ಬಂದಿದ್ದರೆ ಅದು ಕಿಲೊಜೂಲ್. 1 ಕ್ಯಾಲೊರಿ ಎಂದರೆ 4.184 ಕಿಲೊಜೂಲ್. ಹಲವು ದೇಶಗಳ ಲೇಬಲ್‌ನಲ್ಲಿ ಎರಡೂ ಅಚ್ಚಾಗಿರುತ್ತವೆ. ಎಂಟ್ರಿ ಸೇರಿಸಿದವರು ತಪ್ಪು ಅಂಕಿಯನ್ನು ತುಂಬಿರುತ್ತಾರೆ. ಇದನ್ನು ಹಿಡಿಯಲು ಒಂದು ಖಚಿತ ಮಿತಿ ಇದೆ. ಆಹಾರದಲ್ಲಿ ಅತಿ ಹೆಚ್ಚು ಶಕ್ತಿ ಇರುವುದು ಕೊಬ್ಬಿನಲ್ಲಿ, ಗ್ರಾಂಗೆ 9 ಕ್ಯಾಲೊರಿ. ಹಾಗಾಗಿ 100 ಗ್ರಾಂಗೆ 900ಕ್ಕಿಂತ ಗಮನಾರ್ಹವಾಗಿ ಹೆಚ್ಚಿರುವ ಆಹಾರ ಇರುವುದು ಸಾಧ್ಯವೇ ಇಲ್ಲ. ಬ್ರೆಡ್ಡಿನ ಎಂಟ್ರಿಯಲ್ಲಿ 100 ಗ್ರಾಂಗೆ 1,080 ಎಂದು ಕಂಡರೆ 4.184ರಿಂದ ಭಾಗಿಸಿ; 258 ಬರುತ್ತದೆ, ಬ್ರೆಡ್ಡಿಗೆ ತಕ್ಕ ಅಂಕಿಯೇ.

ಚಮಚ, ಕಪ್ಪುಗಳ ಲೆಕ್ಕ ಎಂಟ್ರಿ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಅಮೆರಿಕದ ಕಪ್ 236.6 ಮಿಲಿಲೀಟರ್, ಅಲ್ಲಿನ ಲೇಬಲ್‌ಗಳಲ್ಲಿ 240, ಮೆಟ್ರಿಕ್ ಕಪ್ 250. ಟೇಬಲ್ ಚಮಚ ಸಾಮಾನ್ಯವಾಗಿ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ದ್ರವಗಳಲ್ಲಿ ಮಿಲಿಲೀಟರ್ ಮತ್ತು ಗ್ರಾಂ ಒಂದೇ ಎಂದು ಭಾವಿಸುವುದು ಹಾಲಿಗೆ ನಡೆಯುತ್ತದೆ (1 ಮಿಲಿಲೀಟರ್ ಸುಮಾರು 1.03 ಗ್ರಾಂ). ಎಣ್ಣೆಗೆ ಅಷ್ಟಾಗಿ ನಡೆಯುವುದಿಲ್ಲ (0.92), ಜೇನಿಗೆ ಖಂಡಿತ ನಡೆಯುವುದಿಲ್ಲ (1.4). ಕಡಲೆಕಾಯಿ ಬೆಣ್ಣೆಯಂಥ ಗಟ್ಟಿ ಪದಾರ್ಥಕ್ಕೆ ಚಮಚದ ಅಳತೆಯನ್ನು ಪೂರ್ತಿ ಬಿಟ್ಟುಬಿಡಿ. ಲೇಬಲ್ ಹೇಳುವ 2 ಟೇಬಲ್ ಚಮಚ ಎಂದರೆ 32 ಗ್ರಾಂ, ಸುಮಾರು 190 ಕ್ಯಾಲೊರಿ. ಗೋಪುರದಂತೆ ತುಂಬಿದ ಎರಡು ಚಮಚ ಅದಕ್ಕಿಂತ ಬಹಳ ಹೆಚ್ಚು ತೂಗುತ್ತದೆ.

ಘಟಕಗಳೆಲ್ಲ ಸರಿಯಿದ್ದರೆ ಎಂಟ್ರಿಯನ್ನೇ ಪರೀಕ್ಷಿಸಿ. ಪ್ರೋಟೀನ್ × 4, ಕಾರ್ಬ್ (ಕಾರ್ಬೊಹೈಡ್ರೇಟ್) × 4, ಕೊಬ್ಬು × 9, ಇವನ್ನು ಕೂಡಿ. ಪ್ರೋಟೀನ್ 10, ಕಾರ್ಬ್ 20, ಕೊಬ್ಬು 5 ಗ್ರಾಂ ಇದ್ದರೆ 40 + 80 + 45 = 165. ಎಂಟ್ರಿಯ ಕ್ಯಾಲೊರಿ ಇದರ ಆಸುಪಾಸಿನಲ್ಲಿ ಇರಬೇಕು. ಹತ್ತು ಶೇಕಡಾದೊಳಗಿನ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಎಂಟ್ರಿ ಕೆಟ್ಟದ್ದು, ಮೂರು ಬಗೆಯ ಆಹಾರಗಳನ್ನು ಬಿಟ್ಟು:

ನಾರು ಹೆಚ್ಚಿರುವ ಆಹಾರ. ನಾರಿಗೆ ಗ್ರಾಂಗೆ ಸುಮಾರು 2 ಕ್ಯಾಲೊರಿ ಮಾತ್ರ, ಆದ್ದರಿಂದ ಕಾರ್ಬ್ ಅಂಕಿಯೊಳಗೆ ನಾರೂ ಸೇರಿದ್ದರೆ 4ರಿಂದ ಗುಣಿಸಿದ ಮೊತ್ತ ಲೇಬಲ್‌ಗಿಂತ ಹೆಚ್ಚು ಬರುತ್ತದೆ.

ಸಕ್ಕರೆ ಇಲ್ಲದ ಸಿಹಿತಿನಿಸು. ಇವುಗಳಲ್ಲಿರುವ ಪಾಲಿಯಾಲ್‌ಗಳಿಗೆ (ಸಕ್ಕರೆಯ ಬದಲು ಬಳಸುವ ಸಿಹಿ ಪದಾರ್ಥಗಳು) ಯುರೋಪಿನ ಲೇಬಲ್ ನಿಯಮ ಗ್ರಾಂಗೆ 2.4 ಕ್ಯಾಲೊರಿ ಹಿಡಿಯುತ್ತದೆ, ಅವುಗಳಲ್ಲೊಂದಾದ ಎರಿಥ್ರಿಟಾಲ್‌ಗೆ ಸೊನ್ನೆ.

ಮದ್ಯ. ಆಲ್ಕೊಹಾಲಿಗೆ ಗ್ರಾಂಗೆ 7 ಕ್ಯಾಲೊರಿ, ಆದರೆ ಅದು ಪ್ರೋಟೀನ್, ಕಾರ್ಬ್, ಕೊಬ್ಬು ಯಾವುದರಲ್ಲೂ ಸೇರುವುದಿಲ್ಲ. 12 ಶೇಕಡಾ ಆಲ್ಕೊಹಾಲ್ ಇರುವ 150 ಮಿಲಿಲೀಟರ್ ವೈನ್‌ನಲ್ಲಿ ಸುಮಾರು 14 ಗ್ರಾಂ ಆಲ್ಕೊಹಾಲ್, ಅಂದರೆ ಅದರಿಂದಲೇ ನೂರರಷ್ಟು ಕ್ಯಾಲೊರಿ. ಪೋಷಕಾಂಶಗಳ ಕಾಲಂ ಹೆಚ್ಚುಕಡಿಮೆ ಖಾಲಿ ಇದ್ದು ಕ್ಯಾಲೊರಿ 115 ಎಂದಿದ್ದರೆ ಅದು ದೋಷವಲ್ಲ.

ಕಾರ್ಬ್ ಎಣಿಸುವವರು ಇನ್ನೊಂದು ವಿಷಯ ಗಮನಿಸಬೇಕು. ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ ಎಂಬುದರೊಳಗೆ ನಾರೂ ಸೇರಿದೆ. ಯುರೋಪಿನ ಲೇಬಲ್‌ನಲ್ಲಿ ಕಾರ್ಬ್ ಎಂದರೆ ನಾರನ್ನು ಕಳೆದ ಮೇಲಿನದು. ಕಾರ್ಬ್ 40, ನಾರು 10 ಎಂದಿರುವ ಯುರೋಪಿನ ಲೇಬಲ್ಲನ್ನು ಹಾಗೆಯೇ ತುಂಬಿದರೆ, ನೆಟ್ ಕಾರ್ಬ್ ಲೆಕ್ಕ ಹಾಕುವ ಆ್ಯಪ್ ಮತ್ತೊಮ್ಮೆ ನಾರನ್ನು ಕಳೆದು 30 ತೋರಿಸುತ್ತದೆ. ಅಲ್ಲಿ 50 ಎಂದು ತುಂಬಬೇಕು, ಆಗ 40 ಸರಿಯಾಗಿ ಬರುತ್ತದೆ. ಉಪ್ಪು–ಸೋಡಿಯಂ ವಿಷಯವೂ ಇಂಥದ್ದೇ: ಯುರೋಪಿನ ಲೇಬಲ್ ಉಪ್ಪಿನ ಅಂಕಿ ಕೊಡುತ್ತದೆ, ಸೋಡಿಯಂ ಬೇಕಾದರೆ 2.5ರಿಂದ ಭಾಗಿಸಿ.

ದಿನದ ಪ್ರೋಟೀನ್ ಅಥವಾ ಕಬ್ಬಿಣ ವಿಪರೀತ ಕಡಿಮೆ ತೋರಿಸುತ್ತಿದ್ದರೆ ಆಹಾರವನ್ನು ದೂರುವ ಮೊದಲು ಎಂಟ್ರಿಗಳನ್ನು ತೆರೆದು ನೋಡಿ. ಬಳಕೆದಾರರು ಸೇರಿಸಿದ ಎಷ್ಟೋ ಎಂಟ್ರಿಗಳಲ್ಲಿ ಕ್ಯಾಲೊರಿ ಬಿಟ್ಟು ಉಳಿದ ಜಾಗ ಖಾಲಿ. ಖಾಲಿ ಜಾಗವನ್ನು ಆ್ಯಪ್ ಸೊನ್ನೆ ಎಂದು ಕೂಡಿಸುತ್ತದೆ. ಪ್ಯಾಕೆಟ್ ಇಲ್ಲದ ಹಣ್ಣು, ತರಕಾರಿ, ಧಾನ್ಯ, ಮಾಂಸಗಳಿಗೆ ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್‌ನಂಥ ಸರ್ಕಾರಿ ಮೂಲದಿಂದ ಬಂದ ಎಂಟ್ರಿಯನ್ನೇ ಆರಿಸಿ. ಹುಡುಕಾಟದಲ್ಲಿ ಅವುಗಳ ಹೆಸರು ನೀರಸವಾಗಿ, ಉದ್ದವಾಗಿ ಇರುತ್ತದೆ: ಆಹಾರದ ಹೆಸರು, ಚರ್ಮ ಇದೆಯೇ, ಹಸಿಯೇ, ಬೇಯಿಸಿದ್ದೇ ಎಂದೆಲ್ಲ. ಆ ನೀರಸ ಹೆಸರೇ ಒಳ್ಳೆಯ ಲಕ್ಷಣ.

ಹಸಿ ತೂಕ, ಬೆಂದ ತೂಕ

ಮೂರನೇ ಬಗೆಯ ದೋಷಗಳಲ್ಲಿ ಅತಿ ದೊಡ್ಡದು ಇದು. ಬೇಯುವಾಗ ಆಹಾರದಲ್ಲಿ ಬದಲಾಗುವುದು ಮುಖ್ಯವಾಗಿ ನೀರು. ಅಕ್ಕಿ, ಬೇಳೆ, ಪಾಸ್ತಾ ನೀರು ಕುಡಿದು ಭಾರವಾಗುತ್ತವೆ. ಮಾಂಸ, ಮೀನು ನೀರು ಬಿಟ್ಟು ಹಗುರಾಗುತ್ತವೆ. ಒಟ್ಟು ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ 100 ಗ್ರಾಂಗೆ ಎಷ್ಟು ಎಂಬ ಅಂಕಿ ಪೂರ್ತಿ ಬದಲಾಗುತ್ತದೆ.

ಬಿಳಿ ಅಕ್ಕಿಗೆ 100 ಗ್ರಾಂಗೆ ಸುಮಾರು 360 ಕ್ಯಾಲೊರಿ, ಅನ್ನಕ್ಕೆ ಸುಮಾರು 130. ಒಣ ಪಾಸ್ತಾಕ್ಕೆ 370, ಬೆಂದದ್ದಕ್ಕೆ 158ರ ಹತ್ತಿರ. ಒಣ ಬೇಳೆಗೆ 350, ಬೆಂದದ್ದಕ್ಕೆ 116. ಚರ್ಮ ತೆಗೆದ ಕೋಳಿಯ ಎದೆಮಾಂಸ ಹಸಿಯಾಗಿದ್ದಾಗ 120, ಬೆಂದ ಮೇಲೆ 165.

ತಟ್ಟೆಯಲ್ಲಿರುವ 200 ಗ್ರಾಂ ಅನ್ನವನ್ನು ಅಕ್ಕಿಯ ಎಂಟ್ರಿಗೆ ಹಾಕಿದರೆ 720 ಬರುತ್ತದೆ, ನಿಜವಾಗಿ ಇರುವುದು 260. ಮಾಂಸದಲ್ಲಿ ತಪ್ಪು ಎದುರು ದಿಕ್ಕಿಗೆ. 200 ಗ್ರಾಂ ಹಸಿ ಕೋಳಿ ಬೆಂದ ಮೇಲೆ 150ರ ಆಸುಪಾಸಿಗೆ ಇಳಿಯುತ್ತದೆ. ಆ 150 ಗ್ರಾಂ ಅನ್ನು ಹಸಿ ಎಂಟ್ರಿಗೆ ಹಾಕಿದರೆ 180, ನಿಜವಾದದ್ದು 240ರಷ್ಟು. ಒಂದೇ ಊಟದಲ್ಲಿ ಎರಡೂ ತಪ್ಪು ನಡೆದರೆ ಒಂದನ್ನೊಂದು ಸ್ವಲ್ಪ ಮುಚ್ಚುತ್ತವೆ. ಅದಕ್ಕೇ ಮೊತ್ತ ನೋಡಿ ಈ ದೋಷ ಹಿಡಿಯಲಾಗುವುದಿಲ್ಲ, ಎಂಟ್ರಿ ನೋಡಿಯೇ ಹಿಡಿಯಬೇಕು.

ಎಂಟ್ರಿಯ ಹೆಸರಿನಲ್ಲಿ ಹಸಿ, ಬೆಂದ ಎಂದೇನೂ ಇಲ್ಲದಿದ್ದರೆ 100 ಗ್ರಾಂನ ಅಂಕಿಯೇ ಹೇಳುತ್ತದೆ. ಧಾನ್ಯ, ಬೇಳೆಗಳಲ್ಲಿ 340ರಿಂದ 370ರೊಳಗಿದ್ದರೆ ಒಣಗಿದ್ದು. 110ರಿಂದ 160ರೊಳಗಿದ್ದರೆ ಬೆಂದದ್ದು. ನಡುವೆ 220, 250 ಎಂದು ಏನಾದರೂ ಕಂಡರೆ ಅದರಲ್ಲಿ ಎಣ್ಣೆ ಅಥವಾ ಬೆಣ್ಣೆ ಸೇರಿದೆ, ಇಲ್ಲವೇ ಎಂಟ್ರಿಯೇ ತಪ್ಪು. ಕೋಳಿಯ ಎದೆಮಾಂಸಕ್ಕೆ ಪ್ರೋಟೀನ್ ನೋಡಿ: 22–23 ಗ್ರಾಂ ಇದ್ದರೆ ಹಸಿ, 31ರ ಹತ್ತಿರ ಇದ್ದರೆ ಬೆಂದದ್ದು.

ಒಣ ಪದಾರ್ಥದ ಪ್ಯಾಕೆಟ್ ಮೇಲಿನ ಅಂಕಿ ಸಾಮಾನ್ಯವಾಗಿ ಪ್ಯಾಕೆಟ್ಟಿನಲ್ಲಿರುವ ಸ್ಥಿತಿಗೇ ಸೇರಿದ್ದು. ಬೇಯಿಸಿದ ಮೇಲಿನ ಅಂಕಿ ಕೊಟ್ಟಿದ್ದರೆ ಹಾಗೆಂದು ಪಕ್ಕದಲ್ಲಿ ಬರೆದಿರುತ್ತದೆ. ಎರಡು ಕಾಲಂ ಇದ್ದಾಗ ಎಂಟ್ರಿ ಸೇರಿಸಿದವರು ಯಾವುದನ್ನು ನಕಲು ಮಾಡಿದ್ದಾರೆಂದು ಹೋಲಿಸಿ ನೋಡಿ. ಡಬ್ಬಿಯ ಕಾಳು, ಮೀನುಗಳಲ್ಲಿ ಒಟ್ಟು ತೂಕ ಬೇರೆ, ನೀರು ಬಸಿದ ತೂಕ ಬೇರೆ.

ಸಾಧ್ಯವಾದಾಗಲೆಲ್ಲ ಹಸಿಯಾಗಿ ತೂಗಿ, ಹಸಿ ಎಂಟ್ರಿಗೆ ಹಾಕುವುದು ಉತ್ತಮ. ಬೆಂದದ್ದರಲ್ಲಿ ಎಷ್ಟು ನೀರಿದೆ ಎಂಬುದು ಪ್ರತಿ ಸಲವೂ ಬದಲಾಗುತ್ತದೆ; ಉದುರುದುರು ಅನ್ನಕ್ಕೂ ಮೆತ್ತಗಿನ ಅನ್ನಕ್ಕೂ ತೂಕದಲ್ಲಿ ಬಹಳ ಅಂತರ. ಹಸಿಯಾಗಿ ತೂಗಲು ಆಗದ ಮನೆಯಲ್ಲಿ ಒಂದು ಸಲ ಎರಡೂ ತೂಕ ತೆಗೆದು ಅನುಪಾತ ಬರೆದಿಡಿ. 300 ಗ್ರಾಂ ಅಕ್ಕಿ 810 ಗ್ರಾಂ ಅನ್ನವಾದರೆ ಅನುಪಾತ 2.7, ತಟ್ಟೆಯ 200 ಗ್ರಾಂ ಅನ್ನ 74 ಗ್ರಾಂ ಅಕ್ಕಿಗೆ ಸಮ. ಪಾತ್ರೆ, ನೀರಿನ ಅಳತೆ ಬದಲಾಗದಿರುವ ತನಕ ಅದೇ ಅನುಪಾತ ನಡೆಯುತ್ತದೆ.

ಎಣ್ಣೆ

ಒಂದು ಟೇಬಲ್ ಚಮಚ ಎಣ್ಣೆ 13.5 ಗ್ರಾಂ, 120 ಕ್ಯಾಲೊರಿ. ಬಾಟಲಿಯಿಂದ ನೇರ ಬಾಣಲೆಗೆ ಸುರಿದದ್ದನ್ನು ‘ಒಂದು ಚಮಚ’ ಎಂದು ಬರೆದರೆ ಆ ಅಂಕಿಯನ್ನು ನಂಬಬೇಡಿ. ಅಳೆಯುವ ಸುಲಭ ದಾರಿ: ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿ, ಎತ್ತಿ ಬೇಕಾದಷ್ಟು ಸುರಿದು ಮತ್ತೆ ಇಡಿ. −18 ಎಂದು ತೋರಿಸಿದರೆ ನೀವು ಬಳಸಿದ್ದು 18 ಗ್ರಾಂ. ಬೆಣ್ಣೆ, ಜೇನು, ಕಡಲೆಕಾಯಿ ಬೆಣ್ಣೆಯ ಡಬ್ಬಿಗಳಿಗೂ ಇದೇ ಉಪಾಯ, ಚಮಚ ತೊಳೆಯುವ ಕೆಲಸವೂ ಉಳಿಯುತ್ತದೆ. ಕರಿದ ತಿಂಡಿಗೆ ಕರಿಯುವ ಮೊದಲು ಮತ್ತು ತಣಿದ ಮೇಲೆ ಎಣ್ಣೆಯನ್ನು ಪಾತ್ರೆ ಸಮೇತ ತೂಗಿ. ವ್ಯತ್ಯಾಸವನ್ನು ತಿಂಡಿ ಹೀರಿದ ಎಣ್ಣೆ ಎಂದು ಹಿಡಿಯಬಹುದು. ಸಿಡಿದು ಹೋದದ್ದೂ ಅದರಲ್ಲಿ ಸೇರುವುದರಿಂದ ಅಂಕಿ ಸ್ವಲ್ಪ ಹೆಚ್ಚೇ ಬರುತ್ತದೆ.

‘ಸೊನ್ನೆ ಕ್ಯಾಲೊರಿ’ ಎಂದು ಬರೆದಿರುವ ಎಣ್ಣೆ ಸ್ಪ್ರೇಗಳು ಸೊನ್ನೆಯಲ್ಲ. ಅಮೆರಿಕದ ನಿಯಮದಂತೆ ಒಂದು ಸರ್ವಿಂಗ್‌ನಲ್ಲಿ 5 ಕ್ಯಾಲೊರಿಗಿಂತ ಕಡಿಮೆ ಇದ್ದರೆ 0 ಎಂದು ಹಾಕಬಹುದು. ಸರ್ವಿಂಗ್ ಎಂದರೆ ಕಾಲು ಸೆಕೆಂಡಿನ ಸಿಂಪಡಣೆ, 0.25 ಗ್ರಾಂ. ಐದು ಸೆಕೆಂಡು ಒತ್ತಿ ಹಿಡಿದರೆ 5 ಗ್ರಾಂ ಎಣ್ಣೆ, 45 ಕ್ಯಾಲೊರಿ.

ಒಂದು ಪಾತ್ರೆಯ ಅಡುಗೆ, ಹಲವು ಊಟ

ರೆಸಿಪಿ ಮಾಡಿ ಉಳಿಸುವ ಸೌಲಭ್ಯದಲ್ಲಿ ತಪ್ಪು ನುಸುಳುವ ಜಾಗ ‘ಎಷ್ಟು ಸರ್ವಿಂಗ್’ ಎಂಬ ಪ್ರಶ್ನೆ. ಅಲ್ಲಿ 4 ಎಂದು ಊಹಿಸಿ ಬರೆದು, ಬಡಿಸಿಕೊಳ್ಳುವಾಗ ಸಮನಾಗಿ ನಾಲ್ಕು ಭಾಗ ಮಾಡದಿದ್ದರೆ ಒಳಗಿನ ಪದಾರ್ಥಗಳನ್ನು ಎಷ್ಟೇ ನಿಖರವಾಗಿ ತೂಗಿದ್ದರೂ ವ್ಯರ್ಥ. ಹೀಗೆ ಮಾಡಿ:

1. ಖಾಲಿ ಪಾತ್ರೆಯನ್ನು ತೂಗಿ, ತೂಕವನ್ನು ರೆಸಿಪಿಯ ಹೆಸರಿನಲ್ಲೇ ಬರೆದಿಡಿ. ಮುಂದಿನ ಸಲ ಹುಡುಕಬೇಕಾಗಿಲ್ಲ.
2. ಪದಾರ್ಥಗಳನ್ನೆಲ್ಲ ಹಸಿ ತೂಕದಲ್ಲಿ ಸೇರಿಸಿ, ಎಣ್ಣೆಯನ್ನೂ ಬಿಡದೆ. ನೀರಿಗೆ ಎಂಟ್ರಿ ಬೇಡ.
3. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ.
4. ಬಂದ ಗ್ರಾಂ ಸಂಖ್ಯೆಯನ್ನೇ ಸರ್ವಿಂಗ್ ಸಂಖ್ಯೆಯಾಗಿ ಬರೆಯಿರಿ. ಆಗ 1 ಸರ್ವಿಂಗ್ ಎಂದರೆ 1 ಗ್ರಾಂ. ಅಷ್ಟು ದೊಡ್ಡ ಸಂಖ್ಯೆಯನ್ನು ಆ್ಯಪ್ ಒಪ್ಪದಿದ್ದರೆ 100ರಿಂದ ಭಾಗಿಸಿ.
5. ತಟ್ಟೆಗೆ ಹಾಕಿಕೊಂಡದ್ದನ್ನು ತೂಗಿ ಬರೆಯಿರಿ.

ಒಟ್ಟು 1,860 ಕ್ಯಾಲೊರಿಯ ಅಡುಗೆ, ಪಾತ್ರೆ ಸಮೇತ 3,150 ಗ್ರಾಂ, ಪಾತ್ರೆ 1,250 ಗ್ರಾಂ ಎಂದಿಟ್ಟುಕೊಳ್ಳಿ. ಅಡುಗೆಯ ತೂಕ 1,900 ಗ್ರಾಂ. ತಟ್ಟೆಯಲ್ಲಿ 320 ಗ್ರಾಂ ಇದ್ದರೆ 313 ಕ್ಯಾಲೊರಿ. ನಾಲ್ಕು ಸರ್ವಿಂಗ್ ಎಂದು ಊಹಿಸಿದ್ದರೆ ಇದೇ ತಟ್ಟೆಗೆ 465 ಬರುತ್ತಿತ್ತು.

ಮೂಳೆ, ಸಿಪ್ಪೆ, ಬಸಿದು ಚೆಲ್ಲಿದ ನೀರು ಇದ್ದರೆ ಬೆಂದ ತೂಕದಿಂದ ಕಳೆಯಬೇಕು. ವೆಬ್ ಪುಟದಿಂದ ರೆಸಿಪಿಯನ್ನು ಎಳೆದುಕೊಂಡಿದ್ದರೆ ಪ್ರತಿ ಸಾಲನ್ನೂ ತೆರೆದು ನೋಡಿ. ಆ್ಯಪ್ ತಾನೇ ಹೊಂದಿಸಿದ ಎಂಟ್ರಿಗಳಲ್ಲಿ ಒಂದೆರಡಾದರೂ ಬೇರೆ ಪದಾರ್ಥದ್ದಾಗಿರುತ್ತವೆ. ಇನ್ನು, ಉಳಿಸಿದ ರೆಸಿಪಿಯನ್ನು ತಿದ್ದಿದಾಗ ಹಳೆಯ ದಿನಗಳ ಎಂಟ್ರಿಯೂ ಬದಲಾಗುತ್ತದೆಯೇ ಎಂಬುದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಹಳೆಯ ದಿನವೊಂದರ ಮೊತ್ತ ಬರೆದುಕೊಂಡು, ರೆಸಿಪಿಯಲ್ಲಿ ಒಂದು ಪದಾರ್ಥ ಬದಲಿಸಿ ನೋಡಿದರೆ ತಿಳಿಯುತ್ತದೆ. ಬದಲಾಗುವ ಆ್ಯಪ್ ಆದರೆ ತಿದ್ದುವ ಬದಲು ನಕಲು ಮಾಡಿ ಹೊಸ ಹೆಸರಿನಲ್ಲಿ ಉಳಿಸಿ.

ತಕ್ಕಡಿಯನ್ನೂ ಅನುಮಾನಿಸಿ

ಯಾವುದಾದರೂ ಎರಡು ವಸ್ತುಗಳನ್ನು ಬೇರೆಬೇರೆಯಾಗಿ, ಆಮೇಲೆ ಒಟ್ಟಿಗೆ ತೂಗಿ. 240 ಮತ್ತು 410 ಸೇರಿ 650ರ ಬದಲು 662 ಬಂದರೆ ತಕ್ಕಡಿ ನಂಬಲರ್ಹವಲ್ಲ. ಮೊದಲು ಬ್ಯಾಟರಿ ಬದಲಿಸಿ ನೋಡಿ. ಒಂದೇ ವಸ್ತುವನ್ನು ತಟ್ಟೆಯ ನಡುವೆ, ಅಂಚಿನಲ್ಲಿ ಇಟ್ಟೂ ನೋಡಿ.

ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಹಲವು ತಕ್ಕಡಿಗಳು ಏರಿಕೆಯನ್ನು ಗಮನಿಸುವುದೇ ಇಲ್ಲ. ಸೊನ್ನೆ ತಾನೇ ಅಲುಗಾಡಿದೆ ಎಂದುಕೊಂಡು ಸರಿಪಡಿಸಿಕೊಳ್ಳುತ್ತವೆ. ಬಟ್ಟಲನ್ನು ಎತ್ತಿ ಮತ್ತೆ ಇಟ್ಟರೆ ನಿಜವಾದ ತೂಕ ಕಾಣುತ್ತದೆ. 1 ಗ್ರಾಂ ನಿಖರತೆಯ ತಕ್ಕಡಿಯಲ್ಲಿ 3 ಗ್ರಾಂ ಪದಾರ್ಥ ತೂಗುವುದರಲ್ಲಿ ಅರ್ಥವಿಲ್ಲ, ಆದರೆ ಅಷ್ಟು ಸಣ್ಣ ಪ್ರಮಾಣದಲ್ಲಿ ಕ್ಯಾಲೊರಿಯೂ ಹೆಚ್ಚಿರುವುದಿಲ್ಲ. ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ, ಒಳಗಿನ ಸೆನ್ಸರ್ ಬಿಸಿಗೆ ಓಲಾಡುತ್ತದೆ. ಮರದ ಹಲಗೆ ಇಟ್ಟು ಟೇರ್ ಮಾಡಿ, ಅದರ ಮೇಲಿಡಿ. ಘಟಕದ ಗುಂಡಿ ಗೊತ್ತಿಲ್ಲದೆ ಒತ್ತಿಹೋಗಿ ಗ್ರಾಂ ಬದಲು ಔನ್ಸ್ ಅಥವಾ ಮಿಲಿಲೀಟರ್ ತೋರಿಸುತ್ತಿರುವುದೂ ಉಂಟು.

ಬಾರ್‌ಕೋಡ್

ಸ್ಕ್ಯಾನ್ ಆಯಿತು ಎಂದ ಮಾತ್ರಕ್ಕೆ ಎಂಟ್ರಿ ಸರಿ ಎಂದಲ್ಲ. ಕಂಪನಿ ಪದಾರ್ಥಗಳ ಪ್ರಮಾಣ ಬದಲಿಸಿದರೂ ಎಷ್ಟೋ ಸಲ ಬಾರ್‌ಕೋಡ್ ಹಳೆಯದೇ ಉಳಿಯುತ್ತದೆ, ಆ್ಯಪ್‌ನಲ್ಲಿ ಹಳೆಯ ಅಂಕಿ ಇರುತ್ತದೆ. ಹೊಸ ಪ್ಯಾಕೆಟ್ ಮೊದಲ ಸಲ ಸ್ಕ್ಯಾನ್ ಮಾಡಿದಾಗ ಮೂರನ್ನು ಮಾತ್ರ ಲೇಬಲ್ ಜೊತೆ ಹೋಲಿಸಿ: 100 ಗ್ರಾಂಗೆ ಕ್ಯಾಲೊರಿ, ಪ್ರೋಟೀನ್, ಸರ್ವಿಂಗ್ ತೂಕ. ಮೂರೂ ಹೊಂದಿದರೆ ಮುಂದೆ ನೋಡಬೇಕಾಗಿಲ್ಲ.

‘ಸಿಗಲಿಲ್ಲ’ ಎಂದು ಬಂದರೆ ಅಂಕಿಗಳನ್ನು ಕೈಯಿಂದ ತುಂಬಿ ನೋಡಿ. 12 ಅಂಕಿಯ ಯುಪಿಸಿ ಕೋಡಿನ ಮುಂದೆ ಒಂದು 0 ಹಾಕಿದರೆ ಅದೇ 13 ಅಂಕಿಯ ಇಎಎನ್ ಕೋಡ್. ಎರಡರಲ್ಲಿ ಒಂದು ಸಿಗಬಹುದು. 13 ಅಂಕಿಯ ಕೋಡ್ 20ರಿಂದ 29ರೊಳಗಿನ ಅಂಕಿಯಿಂದ ಶುರುವಾದರೆ ಹುಡುಕಾಟ ಬಿಡಿ. ಅದು ಅಂಗಡಿಯೊಳಗಿನ ಬಳಕೆಗೆ ಮೀಸಲಾದ ಸರಣಿ; ತೂಗಿ ಅಂಟಿಸಿದ ಚೀಟಿಗಳಲ್ಲಿ ತೂಕ ಅಥವಾ ಬೆಲೆ ಕೂಡ ಕೋಡಿನೊಳಗೇ ಸೇರಿರುತ್ತದೆ. ಅದನ್ನು ಹೊಸ ಆಹಾರವಾಗಿ ಉಳಿಸಿದರೆ ಮುಂದೊಂದು ದಿನ ಬೇರೆ ಪದಾರ್ಥಕ್ಕೆ ಅದೇ ಎಂಟ್ರಿ ಬಂದು ಕೂರಬಹುದು.

ಲೇಬಲ್ ಕೂಡ ಅಂದಾಜೇ ಎಂಬುದು ನೆನಪಿರಲಿ. ಅಮೆರಿಕದಲ್ಲಿ 50 ಕ್ಯಾಲೊರಿಗಿಂತ ಮೇಲಿನ ಅಂಕಿಯನ್ನು ಹತ್ತಿರದ 10ಕ್ಕೆ ಸರಿಸುತ್ತಾರೆ, ನಿಜವಾದದ್ದು ಲೇಬಲ್‌ಗಿಂತ 20 ಶೇಕಡಾದವರೆಗೆ ಹೆಚ್ಚಿದ್ದರೂ ನಿಯಮ ಒಪ್ಪುತ್ತದೆ. ಐದಾರು ಕ್ಯಾಲೊರಿಯ ವ್ಯತ್ಯಾಸಕ್ಕೆ ಎಂಟ್ರಿ ತಿದ್ದುತ್ತ ಕೂರುವುದು ಸಮಯದ ಹಾಳು.

ಏನೂ ಬರೆಯದೆಯೇ ಮೊತ್ತ ಬದಲಾದರೆ

ತಿಂದದ್ದರ ಮೊತ್ತ ಬದಲಾಗಿದೆಯೋ, ಗುರಿ ಬದಲಾಗಿದೆಯೋ ಎಂದು ನೋಡಿ. ‘ಉಳಿದ ಕ್ಯಾಲೊರಿ’ ಒಂದನ್ನೇ ನೋಡುವವರಿಗೆ ಈ ಎರಡರ ಭೇದ ಕಾಣುವುದಿಲ್ಲ.

ತಿಂದದ್ದರ ಮೊತ್ತವೇ ಏರಿದ್ದರೆ ಊಟ ಎರಡು ಸಲ ದಾಖಲಾಗಿದೆ. ಒಂದು ಆ್ಯಪ್, ಫೋನಿನ ಆರೋಗ್ಯ ಮಾಹಿತಿಯೆಲ್ಲ ಒಂದೆಡೆ ಸೇರುವ ಆ್ಯಪಲ್ ಹೆಲ್ತ್ ಅಥವಾ ಹೆಲ್ತ್ ಕನೆಕ್ಟ್‌ಗೆ ಊಟವನ್ನು ಬರೆಯುತ್ತದೆ, ಇನ್ನೊಂದು ಅಲ್ಲಿಂದ ಓದಿ ತನ್ನದೆಂದು ಮತ್ತೆ ಬರೆಯುತ್ತದೆ. ಆಹಾರದ ಮಾಹಿತಿ ಬರೆಯುವ ಅನುಮತಿಯನ್ನು ಒಂದೇ ಆ್ಯಪ್‌ಗೆ ಇಟ್ಟು ಉಳಿದವುಗಳಿಂದ ತೆಗೆದುಹಾಕಿ.

ಗುರಿ ಬದಲಾಗಿದ್ದರೆ ಕಾರಣ ವ್ಯಾಯಾಮ. ಫೋನಿನ ಹೆಜ್ಜೆ ಎಣಿಕೆ, ಕೈಗಡಿಯಾರದ ಎಣಿಕೆ, ನೀವೇ ಕೈಯಿಂದ ಬರೆದ ‘40 ನಿಮಿಷ ನಡಿಗೆ’ ಮೂರೂ ಸೇರಿದರೆ ಒಂದೇ ನಡಿಗೆಗೆ ಮೂರು ಸಲ ಕ್ಯಾಲೊರಿ ಸಿಗುತ್ತದೆ. ಎಲ್ಲ ಸಂಪರ್ಕಗಳನ್ನೂ ಕಡಿದು, ಒಂದು ದಿನ ಗುರಿ ಸ್ಥಿರವಾಗಿ ನಿಲ್ಲುತ್ತದೆಯೇ ನೋಡಿ. ನಿಂತರೆ ದಿನಕ್ಕೊಂದರಂತೆ ಮತ್ತೆ ಜೋಡಿಸಿ. ಯಾವುದನ್ನು ಜೋಡಿಸಿದಾಗ ಗುರಿ ಹಾರಿತೋ ಅದೇ ಅಪರಾಧಿ.

ಇದಕ್ಕಿಂತ ಗುಟ್ಟಾಗಿ ನಡೆಯುವ ಎರಡು ಬಾರಿಯ ಎಣಿಕೆ ಇನ್ನೊಂದಿದೆ. ಅನೇಕ ಆ್ಯಪ್‌ಗಳು ಗುರಿಯನ್ನು ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಿಂದ ಲೆಕ್ಕ ಹಾಕುತ್ತವೆ: 10 × ತೂಕ + 6.25 × ಎತ್ತರ − 5 × ವಯಸ್ಸು, ಗಂಡಸರಿಗೆ +5, ಹೆಂಗಸರಿಗೆ −161. 60 ಕಿಲೊ, 165 ಸೆಂಟಿಮೀಟರ್, 30 ವರ್ಷದ ಹೆಂಗಸಿಗೆ 1,320 ಬರುತ್ತದೆ. ಇದನ್ನು ಚಟುವಟಿಕೆಯ ಮಟ್ಟದಿಂದ ಗುಣಿಸುತ್ತಾರೆ. ‘ಅಲ್ಪ ಚಟುವಟಿಕೆ’ಗೆ 1.375, ಅಂದರೆ 1,815, ‘ಮಧ್ಯಮ’ಕ್ಕೆ 1.55, ಅಂದರೆ 2,046. ಸೆಟ್ಟಿಂಗ್‌ನ ಒಂದು ಸಾಲು ಕೆಳಗೆ ಒತ್ತಿದ್ದಕ್ಕೆ 231 ಕ್ಯಾಲೊರಿ ಸೇರಿತು. ‘ಮಧ್ಯಮ’ ಎಂದು ಆರಿಸಿದಾಗಲೇ ವ್ಯಾಯಾಮ ಅದರೊಳಗೆ ಬಂದಿದೆ; ಮೇಲೆ ಗಡಿಯಾರದ ಕ್ಯಾಲೊರಿಯನ್ನೂ ಸೇರಿಸಬಾರದು. ಗಡಿಯಾರ ಜೋಡಿಸುವುದಾದರೆ ಮಟ್ಟವನ್ನು ಅತಿ ಕೆಳಗಿನದಕ್ಕೆ ಇಳಿಸಿ. ಎರಡರಲ್ಲಿ ಗಡಿಯಾರ ಬಿಟ್ಟು ಮಟ್ಟವನ್ನು ಇಟ್ಟುಕೊಳ್ಳುವುದೇ ಮೇಲು, ಗುರಿ ದಿನಾ ಕುಣಿಯುವುದಿಲ್ಲ.

ರಾತ್ರಿಯ ಊಟ ಮರುದಿನಕ್ಕೆ ಹೋಗಿ ಕೂತಿದ್ದರೆ ಫೋನಿನ ಸಮಯ ವಲಯ ಅಥವಾ ಆ್ಯಪ್‌ನಲ್ಲಿ ದಿನ ಮುಗಿಯುವ ಗಂಟೆ ನೋಡಿ. ಇಂಟರ್ನೆಟ್ ಇಲ್ಲದಾಗ ಬರೆದದ್ದು ಇನ್ನೊಂದು ಸಾಧನದಲ್ಲಿ ಕಾಣದಿದ್ದರೆ ಮೊದಲ ಫೋನಿನಲ್ಲಿ ಆ್ಯಪ್ ತೆರೆದು ಸಿಂಕ್ ಆಗಲು ಬಿಡಿ. ಅದಕ್ಕೂ ಮೊದಲು ಲಾಗ್‌ಔಟ್ ಮಾಡಿದರೆ, ಅನ್‌ಇನ್‌ಸ್ಟಾಲ್ ಮಾಡಿದರೆ ಬರೆದದ್ದು ಹೋದೀತು.

ಲೆಕ್ಕ ಸರಿ, ತೂಕ ಮಾತ್ರ ಹೊಂದುತ್ತಿಲ್ಲ

ಮೊದಲು ತೂಕವನ್ನೇ ಪ್ರಶ್ನಿಸಿ. ದೇಹದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟ ಕಾರ್ಬ್) ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಉಪ್ಪು, ಮುಟ್ಟು, ಹೊಸ ವ್ಯಾಯಾಮ ಎಲ್ಲವೂ ನೀರನ್ನು ಹಿಡಿಯುತ್ತವೆ. ಒಂದೆರಡು ಕಿಲೊ ಏರಿಳಿತ ಸಹಜ. ಏಳು ದಿನದ ಸರಾಸರಿಯನ್ನು ನಾಲ್ಕು ವಾರದ ಹಿಂದಿನ ಏಳು ದಿನದ ಸರಾಸರಿಗೆ ಹೋಲಿಸಿ.

ಆಮೇಲೂ ಹೊಂದದಿದ್ದರೆ ಬರೆಯದೇ ಬಿಟ್ಟದ್ದನ್ನು ಹುಡುಕಬೇಕು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ, 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರು ಹೇಳಿದ ಆಹಾರ ನಿಜಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಇತ್ತು, ಹೇಳಿದ ಚಟುವಟಿಕೆ 51 ಶೇಕಡಾ ಹೆಚ್ಚಿತ್ತು. ಇದರಲ್ಲಿ ಅಪ್ರಾಮಾಣಿಕತೆ ಹುಡುಕಬೇಕಾಗಿಲ್ಲ. ಹಾಲು ಹಾಕಿದ ಕಾಫಿ, ಅಡುಗೆ ಮಾಡುವಾಗಿನ ರುಚಿ, ಮಕ್ಕಳ ತಟ್ಟೆಯಲ್ಲಿ ಮಿಕ್ಕದ್ದು, ಒಂದು ಹಿಡಿ ಬಾದಾಮಿ (28 ಗ್ರಾಂಗೆ 160ರಷ್ಟು) ಊಟ ಎಂದು ಮನಸ್ಸಿಗೆ ಬರುವುದೇ ಇಲ್ಲ. ಒಂದು ವಾರ ತಿನ್ನುವ ಮೊದಲೇ ಬರೆಯಿರಿ. ಆ ವಾರದ ಸರಾಸರಿ ಹಿಂದಿನದಕ್ಕಿಂತ ಜಿಗಿದರೆ, ವ್ಯತ್ಯಾಸವೇ ನೀವು ಇಷ್ಟು ದಿನ ಬಿಟ್ಟ ಮೊತ್ತ.

ಹೊರಗಿನ ಊಟವನ್ನು ನಿಖರವಾಗಿ ಅಳೆಯಲು ದಾರಿಯಿಲ್ಲ. ಒಂದೇ ನಿಯಮ ಇಟ್ಟುಕೊಳ್ಳಿ: ಅದೇ ಬಗೆಯ ಎಂಟ್ರಿಗಳಲ್ಲಿ ಹೆಚ್ಚು ಕ್ಯಾಲೊರಿಯದನ್ನು ಆರಿಸಿ, ಮೇಲೆ ಒಂದು ಟೇಬಲ್ ಚಮಚ ಎಣ್ಣೆ ಸೇರಿಸಿ. ತಪ್ಪಿದರೂ ಪ್ರತಿ ಸಲ ಒಂದೇ ಬಗೆಯಲ್ಲಿ ತಪ್ಪುತ್ತದೆ.

ಓಲಾಟ ನಿಂತ ಮೇಲೆ ಸೂತ್ರದ ಗುರಿಯನ್ನು ಬಿಟ್ಟು ನಿಮ್ಮ ದಾಖಲೆಯಿಂದಲೇ ಗುರಿ ತೆಗೆಯಬಹುದು. ಒಂದು ಕಿಲೊ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. 28 ದಿನ ಸರಾಸರಿ 1,900 ಬರೆದಿದ್ದೀರಿ, ಸರಾಸರಿ ತೂಕ ಅರ್ಧ ಕಿಲೊ ಇಳಿದಿದೆ: 3,850 ÷ 28 = 137. ತೂಕ ಇದ್ದಲ್ಲೇ ಇರಲು ನಿಮ್ಮ ಡೈರಿಯ ಲೆಕ್ಕದಲ್ಲಿ 2,037 ಬೇಕು. ನಿಜವಾದ ಅಂಕಿ 2,200 ಇರಬಹುದು. ನೀವು ಎಂದಿನಂತೆ ಬರೆಯುತ್ತಿರುವ ತನಕ 2,037ರಿಂದಲೇ ಕೆಲಸ ನಡೆಯುತ್ತದೆ.

ತಿದ್ದಿದ ಮೇಲೆ

ತಿಂಗಳುಗಟ್ಟಲೆ ಹಿಂದೆ ಹೋಗಿ ಹಳೆಯ ದಿನಗಳನ್ನು ತಿದ್ದಬೇಡಿ. ತಿದ್ದುಪಡಿ ಮಾಡಿದ ದಿನಾಂಕವನ್ನು ಡೈರಿಯ ಟಿಪ್ಪಣಿಯಲ್ಲಿ ಬರೆದು, ಸರಾಸರಿಯನ್ನು ಅಲ್ಲಿಂದ ಮುಂದಕ್ಕೆ ಮಾತ್ರ ತೆಗೆಯಿರಿ. ಕೆಟ್ಟ ಎಂಟ್ರಿಯನ್ನು ‘ಇತ್ತೀಚಿನ’, ‘ಪದೇಪದೇ ಬಳಸುವ’ ಪಟ್ಟಿಗಳಿಂದ, ಉಳಿಸಿಟ್ಟ ಊಟಗಳಿಂದ, ರೆಸಿಪಿಗಳೊಳಗಿನಿಂದ ಅಳಿಸುವುದನ್ನು ಮರೆಯಬೇಡಿ. ಹೆಸರಿನ ಮೊದಲ ಎರಡಕ್ಷರ ಒತ್ತಿದೊಡನೆ ಆ್ಯಪ್ ಮೊದಲು ಮುಂದಿಡುವುದು ಹೆಚ್ಚು ಸಲ ಬಳಸಿದ್ದನ್ನೇ. ಸರಿಯಾದ ಎಂಟ್ರಿಗೆ ನಿಮ್ಮದೇ ಹೆಸರು ಕೊಟ್ಟು ಉಳಿಸಿ, ಹೆಸರಿನಲ್ಲೇ ‘ಹಸಿ’ ಅಥವಾ ‘ಬೆಂದದ್ದು’ ಎಂದು ಸೇರಿಸಿ.